ಬಿ ಸಾಲಿನ ಕೊಳವೆ

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ನೀರು ನಿಲ್ಲುತ್ತದೆ ಎಂದು
ಐದು ಭಾಷೆಗಳಲ್ಲಿ ಚೀಟಿ ಅಂಟಿಸಿದ್ದೆವು.
ಆದರೂ ಎಂಟೂ ಹತ್ತಕ್ಕೆ ನಾಲ್ಕನೆಯ ಮಹಡಿಯ ಗಿಸ್ಲೇನ್
ತಲೆತುಂಬ ಸೋಪಿನ ನೊರೆ ಹೊತ್ತು ಬಾಗಿಲಿಗೆ ಬಂದು
ನೀರಿಲ್ಲದೆಯೇ ನಮ್ಮ ಏಳು ತಲೆಮಾರು ತೊಳೆದಳು.
ಲ್ಯುಡೋವಿಕ್ ತನ್ನ ಥರ್ಮಸ್ಸಿನ ಬಿಸಿನೀರು ಕೊಟ್ಟ.

ರೂಬೆಯ ಈ ಇಟ್ಟಿಗೆ ಕಟ್ಟಡದಲ್ಲಿ ಯಾರೂ ಮನೆ ಖಾಲಿ ಮಾಡಿಲ್ಲ.
ಜನ ಒಳಗಿರುವಾಗಲೇ ಗೋಡೆ ಬಿಚ್ಚುತ್ತೇವೆ,
ಎಚ್ಚರವಿರುವವನ ಹಲ್ಲು ಕೀಳುವ ಹಾಗೆ,
ಅವನೊಡನೆ ಹವೆಯ ಮಾತಾಡುತ್ತ.

ಮೇಲಿನಿಂದ ಕೆಳಕ್ಕೆ ಒಂದೇ ಕೊಳವೆ,
ಎರಕದ ಕಬ್ಬಿಣ, ಅರವತ್ತು ವರ್ಷ.
ಎಂಟು ಅಡುಗೆಮನೆಗಳ ಮುಸುರೆ ಅದರ ಹೊಟ್ಟೆಯಲ್ಲಿ
ಪಂಕ್ತಿಭೇದವಿಲ್ಲದೆ ಇಳಿದಿದೆ:
ಏಳರ ಬೀಟ್‌ರೂಟ್ ಸಾರು, ಐದರ ಕಡಲೆ ಬೆಂದ ನೀರು,
ವೈದ್ಯರ ಮಾತು ಕೇಳಿ ಸುರಿದುಬಿಟ್ಟೆ ಎಂದು
ಎರಡರ ತೆಯೊದೋಸಿಯೊ ಆಣೆಯಿಟ್ಟು ಹೇಳುವ ವೈನು.

ದಿನಕ್ಕೊಂದು ಸಾಲು. ಬೆಳಿಗ್ಗೆ ಒಡೆ, ಸಂಜೆಗೆ ಕೂಡಿಸು.
ಒಂದು ಮನೆಗೆ ನಲವತ್ತು ನಿಮಿಷ.
ಸಿಂಕಿನ ಕೆಳಗೆ ಅಂಗಾತ ಮಲಗಿದವನಿಗೆ
ಬೇಡದ್ದೂ ತಿಳಿಯುತ್ತದೆ:
ಯಾರು ಮಾತ್ರೆ ನುಂಗದೆ ಬಚ್ಚಿಟ್ಟಿದ್ದಾರೆ,
ಒಬ್ಬರೇ ಇದ್ದೂ ಯಾರು ಎರಡು ತಟ್ಟೆ ತೊಳೆಯುತ್ತಾರೆ.

ಐದರ ತಸಾದಿತ್ ಕೇಳಿದಳು, 'ಹೊಸದು ಎಂಥದು?'
ಪ್ಲಾಸ್ಟಿಕ್ಕು ಎಂದೆ. ತುಕ್ಕು ಹಿಡಿಯುವುದಿಲ್ಲ, ಸದ್ದೂ ಇಲ್ಲ.
ಸದ್ದಿಲ್ಲದ್ದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ,
ಹಾಗೆ ಹೇಳಿ ಎಂದು ನಮಗೆ ಹೇಳಿಕೊಟ್ಟಿದ್ದರು.
ಅವಳು ಚಮಚದಿಂದ ಹಳೆಯ ಕೊಳವೆಗೆ ಮೂರು ಸಲ ಬಡಿದಳು.
ಮೇಲಿಂದ, ಏಳರಿಂದ, ಎರಡು ಮರುಬಡಿತ.

'ಅದು ಹಲೀನಾ. ಲಿಫ್ಟು ಕೆಟ್ಟಮೇಲೆ ಅವಳು ಇಳಿದದ್ದೇ ಇಲ್ಲ.
ರಾತ್ರಿ ಹತ್ತಕ್ಕೆ ನಾನು ಮೂರು, ಅವಳು ಎರಡು.
ನಮ್ಮಿಬ್ಬರದೂ ಕೆಟ್ಟ ಫ್ರೆಂಚು,
ಕೆಟ್ಟ ರೀತಿ ಬೇರೆ ಬೇರೆ.
ಇದೊಂದು ತಪ್ಪಿಲ್ಲದೆ ಬರುತ್ತೆ.'

ಗೋಡೆಗೂ ಕಿವಿ ಎನ್ನುತ್ತಾರೆ.
ಈ ಗೋಡೆಗೆ ನಾಲಗೆಯೂ ಇತ್ತು.
ಹನ್ನೊಂದು ಗಂಟೆಗೆ ಗರಗಸ ಹಚ್ಚಿದವನು ನಾನೇ.

ಕೆಳಗೆ ಹಜಾರದಲ್ಲಿ ವಾಸ್ತುಶಿಲ್ಪಿಯ ಚಿತ್ರ ತೂಗಿದೆ:
ಬಟ್ಟೆ ಒಣಗಿಸುವ ಕೋಣೆ ಇನ್ನು ಸೈಕಲ್ಲುಗಳದು,
ಅಂಗಳದಲ್ಲಿ ಬೆಂಚು, ತೆಳ್ಳನೆಯ ಮೂರು ಮರ,
ಮೈಯೊಳಗಿಂದ ಆಚೆಯ ಗೋಡೆ ಕಾಣುವಂಥ ಜನ,
ಒಬ್ಬಳ ಕೈಯಲ್ಲಿ ಬಲೂನು.
ಯಾರೋ ಪೆನ್ನಿನಲ್ಲಿ ಒಬ್ಬನಿಗೆ ಊರುಗೋಲು ಕೊಟ್ಟಿದ್ದಾರೆ,
ಇನ್ನೊಬ್ಬಳಿಗೆ ತಲೆವಸ್ತ್ರ,
ಬೆಂಚಿನ ಬೆನ್ನಿಗೆ ಒದ್ದೆ ಚಾದರ.
ಸೈಟಿನ ಮುಖ್ಯಸ್ಥೆ ಓರಿಯಾನ್ ಅದನ್ನು ಅಳಿಸಲಿಲ್ಲ,
ಫೋಟೊ ತೆಗೆದುಕೊಂಡು ಸುಮ್ಮನೆ ಹೋದಳು.
ಮರುವಾರ ಸೈಕಲ್ ಕೋಣೆಗೆ ಬಟ್ಟೆಹಗ್ಗ ಮಂಜೂರಾಯಿತು.
ಒಂದು.

ಸಂಜೆ ಐದೂವರೆಗೆ ನೀರು ಬಿಟ್ಟೆವು.
ನಲ್ಲಿಗಳು ಕೆಮ್ಮಿ, ಕಂದು ಉಗುಳಿ, ತಿಳಿಯಾದವು.
ಗಿಸ್ಲೇನ್ ಚಿಕೋರಿ ಕಾಫಿ ತಂದಳು,
ಬೆಳಗಿನ ನಾಲಗೆ ಬೇರೆ ಯಾರದೋ ಎಂಬಂತೆ.

ತಸಾದಿತ್ ಚಮಚ ಎತ್ತಿದಳು.
ಹೊಸ ಕೊಳವೆ ದುಪ್ ಎಂದಿತು, ಹತ್ತಿಯ ಮೂಟೆಯ ಹಾಗೆ.
ಕಾದಳು. ಮತ್ತೆ ದುಪ್.
ನನ್ನ ಕಡೆ ನೋಡದೆ ಚಮಚ ತೊಳೆದು ಡ್ರಾಯರಿನಲ್ಲಿಟ್ಟಳು.

ಮೂಲೆಯಲ್ಲಿ ರೇಡಿಯೇಟರಿನ ಕೊಳವೆ ಇನ್ನೂ ಕಬ್ಬಿಣದ್ದು,
ಬೇರೆ ಗುತ್ತಿಗೆದಾರನದು, ಮಾರ್ಚಿನವರೆಗೆ ಮುಟ್ಟುವಂತಿಲ್ಲ.
ಸ್ಪ್ಯಾನರಿನಿಂದ ಮೂರು ಸಲ ಬಡಿದೆ.

ಅಯ್ಯೋ, ಕಟ್ಟಡಕ್ಕೆ ಕಟ್ಟಡವೇ ಓಗೊಟ್ಟಿತು!
ಎರಡರಿಂದ ಠಣ್, ಮೂರರಿಂದ ಠಣ್,
ಗಿಸ್ಲೇನಳ ಚಪ್ಪಲಿ, ಯಾವುದೋ ಮಗುವಿನ ಆಟಿಕೆ,
ಯಾರ ಬಡಿತ ಯಾರದು ತಿಳಿಯದಷ್ಟು.
ತಸಾದಿತ್ ಬೆರಳೆತ್ತಿ ನನ್ನನ್ನು ಸುಮ್ಮನಾಗಿಸಿದಳು.
ಗದ್ದಲವೆಲ್ಲ ತಗ್ಗಿದ ಬಹಳ ಹೊತ್ತಿನ ಮೇಲೆ,
ತುಂಬ ಮೇಲಿಂದ, ಎರಡು.

'ಇದು ಎಲ್ಲಿಯ ತನಕ?'
ಮಾರ್ಚು ಎಂದೆ.
ಅಷ್ಟರಲ್ಲಿ ಲಿಫ್ಟು ಸರಿಯಾಗುತ್ತದೆ ಎಂದೂ ಹೇಳಬಹುದಿತ್ತು.
ಓರಿಯಾನಳ ಪಟ್ಟಿಯಲ್ಲಿ ಲಿಫ್ಟಿನ ಸಾಲು ನೋಡಿದ್ದೆ,
ದಿನಾಂಕದ ಮನೆ ಖಾಲಿ.