ಗೇಟಿನ ಲೆಕ್ಕ

ಕಬ್ಬಿಣದ ಈ ಗೇಟು ತಿರುಗಿದಾಗಲೆಲ್ಲ
ಟಕ್ ಅನ್ನುತ್ತದೆ. ಒಂದು ಟಕ್‌ಗೆ ಒಬ್ಬ ಮನುಷ್ಯ.
ಇಪ್ಪತ್ತಾರು ವರ್ಷದಿಂದ ಇದರ ಹಿಂದಿನ ಸ್ಟೂಲಿನ ಮೇಲೆ
ಕೂತಿದ್ದೇನೆ ನಾನು, ಹೆಯ್ಲ್ವೆನ್,
ಬೆರಳ ತುದಿ ಕತ್ತರಿಸಿದ ಉಣ್ಣೆಯ ಕೈಗವಸು ತೊಟ್ಟು.

ಫೆಬ್ರವರಿಯಲ್ಲಿ ಕಾರ್ಡಿಫಿನಿಂದ ಒಬ್ಬಳು ಬಂದಳು,
ಟ್ಯಾಮ್ಸಿನ್ ಅಂತ, ನನ್ನ ಮೊಮ್ಮಗಳ ವಯಸ್ಸು.
ಕ್ಲಬ್ಬಿನ ಬಾರಿನಲ್ಲಿ ಡಾರ್ಟ್ಸ್ ಹಲಗೆಯ ಮೇಲೆ ಬಿಳಿ ಪರದೆ ಇಳಿಬಿಟ್ಟು
ಬಣ್ಣದ ಗೆರೆಗಳನ್ನು ತೋರಿಸಿದಳು.
ಹನ್ನೆರಡು ತಂಡ ಹೆಚ್ಚಾಯಿತಂತೆ, ಎಂಟು ಸಾಕಂತೆ.
ಸಂಬಳಕ್ಕೊಂದು ಮಿತಿ, ಅದನ್ನು ದಾಟಿ ಯಾರೂ
ಆಟಗಾರರನ್ನು ಗುಡ್ಡೆ ಹಾಕಿಕೊಳ್ಳುವಂತಿಲ್ಲ.
ಕಡೆಗೆ ಬಂದ ತಂಡಕ್ಕೆ ಹೊಸ ಹುಡುಗರಲ್ಲಿ ಮೊದಲ ಆಯ್ಕೆ.
"ಸಮತೋಲನ," ಅಂದಳು, ಮತ್ತೆ ಮತ್ತೆ,
"ಸಮತೋಲನ ಇದ್ದರೆ ಜನ ಬರುತ್ತಾರೆ."

ಹಿಂದಿನ ಬೆಂಚಿನಿಂದ ಮುದುಕ ಟೆಗ್ವಿನ್ ಗೊಣಗಿದ:
"ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುತ್ತೀಯಾ ಮಗಳೇ?"
ಸ್ಕ್ರಮ್ಮಿನ ಮೊದಲ ಸಾಲಿಗೆ ಹದಿನೆಂಟು ವರ್ಷ ಕುತ್ತಿಗೆ ಕೊಟ್ಟವನು,
ಈಗ ತಲೆ ತಿರುಗಿಸಬೇಕಾದರೆ ಇಡೀ ಮೈ ತಿರುಗಿಸುತ್ತಾನೆ.
"ಎಂಟು ಜನ ಎಂಟು ಜನರನ್ನು ಸರಿಸಮ ನೂಕಿದರೆ
ಚೆಂಡು ಹೊರಗೇ ಬರೋದಿಲ್ಲ. ರೆಫರಿ ಸೀಟಿ ಊದುತ್ತಾನೆ, ಅಷ್ಟೆ."
ಎಲ್ಲರೂ ನಕ್ಕರು. ಅವಳೂ ನಕ್ಕಳು, ಬರೆದುಕೊಂಡಳು.

ಆದರೆ ಅವಳು ಹೇಳಿದ್ದು ಸುಳ್ಳಲ್ಲ.
ದೊಡ್ಡ ಊರಿನ ತಂಡ ಬಂದು
ಅರವತ್ತೊಂದಕ್ಕೆ ಮೂರರಂತೆ ನಮ್ಮನ್ನು ಒಕ್ಕಿ ಹೋದ ಶನಿವಾರ
ಅರ್ಧ ಆಟಕ್ಕೇ ಜನ ಕಾಲರೆತ್ತಿ ಬಸ್ಸಿನ ಕಡೆ ಇಳಿದರು.
ಹೊರಗೆ ಹೋಗುವವರಿಗೆ ನನ್ನ ಗೇಟಿನಲ್ಲಿ ಟಕ್ ಇಲ್ಲ.
ಒಬ್ಬ ಹುಡುಗ ಅಪ್ಪನನ್ನು ಕೇಳುತ್ತಿದ್ದ,
ನಾವು ಗೆಲ್ಲೋದು ಯಾವಾಗ ಅಂತಲ್ಲ,
ಮುಂದಿನ ವಾರ ಈಜುಕೊಳಕ್ಕೆ ಹೋಗೋಣವಾ ಅಂತ.

ಸರಿ, ಈಗ ಹೇಳಿಬಿಡುತ್ತೇನೆ.
ಆಟ ಶುರುವಾಗಿ ಸಾಲು ಕರಗಿದ ಮೇಲೆ
ನಾನೇ ಕೈಯಿಂದ ಗೇಟು ತಿರುಗಿಸುತ್ತಿದ್ದೆ.
ಮೊದಮೊದಲು ಹತ್ತು. ಆಮೇಲೆ ನಲವತ್ತು.
ಕಳೆದ ಚಳಿಗಾಲ ನೂರ ಹನ್ನೆರಡು, ರಟ್ಟೆ ಸೋಲುವ ತನಕ.
ಸೀಸನ್ ಪಾಸಿನವರು ಅಂತ ಬರೆದರಾಯಿತು, ಯಾರು ಕೇಳುತ್ತಾರೆ?
ಕಾಸಿನಾಸೆಗಲ್ಲ. ಸೋಮವಾರದ ಪೇಪರಿನಲ್ಲಿ
ನಮ್ಮೂರಿನ ಎದುರು ಮರ್ಯಾದೆಯ ಒಂದು ಸಂಖ್ಯೆ ಇರಲಿ ಅಂತ.

ಗುಡ್ಡದಾಚೆ ಬ್ರಿನ್‌ಡೆರಿಯಲ್ಲಿ ಗ್ವಿಲಿಮ್ ಇದ್ದ,
ನನ್ನಂತೆಯೇ ಗೇಟಿನವನು. ಚರ್ಚಿನಲ್ಲಿ ಕಾಣಿಕೆ ಎಣಿಸುವವನು.
ಇನ್ನೂರ ಎಂಬತ್ತೇಳು ಜನ ಬಂದರೆ ಇನ್ನೂರ ಎಂಬತ್ತೇಳು.
ತಾನು ಒಳಹೋಗುವಾಗಲೂ ಟಿಕೆಟ್ ಕೊಳ್ಳುವ ಪ್ರಾಣಿ.

ಮೇ ತಿಂಗಳಲ್ಲಿ ವರದಿ ಬಂತು.
ಕುಮ್‌ಹೆಲಿಗ್: ಅಭಿಮಾನಿಗಳ ಆಸಕ್ತಿ ಸ್ಥಿರ, ಉಳಿಯಲಿ.
ಬ್ರಿನ್‌ಡೆರಿ: ವಿಲೀನ.
ನಮ್ಮ ಬಾರಿನಲ್ಲಿ ಕುಣಿದರು. ಟೆಗ್ವಿನ್ ಇಡೀ ಮೈ ತಿರುಗಿಸಿ ಕುಣಿದ.
ನಾನು ಕೆಟಲ್ ತೊಳೆಯುತ್ತ ನಿಂತೆ,
ತೊಳೆದದ್ದನ್ನೇ ಮತ್ತೆ.

ಈಗ ಅಕ್ಟೋಬರ್. ನಿಜ ಹೇಳಬೇಕೆಂದರೆ
ಆಟ ಚೆನ್ನಾಗಿದೆ. ಐದರಲ್ಲಿ ಮೂರು ಪಂದ್ಯ
ಕೊನೆಯ ನಿಮಿಷದ ಕಿಕ್ಕಿನಲ್ಲಿ ತೀರ್ಮಾನವಾದವು.
ಈಜುಕೊಳದ ಹುಡುಗ ಮರಳಿ ಬಂದಿದ್ದಾನೆ, ಕೆನ್ನೆಗೆ ಕೆಂಪು ಬಳಿದು.
ಕೈಯಾರೆ ತಿರುಗಿಸುವ ಕೆಲಸವೇ ಇಲ್ಲ ನನಗೆ.

ಮೊನ್ನೆ ಸಾಲಿನ ಕೊನೆಯಲ್ಲಿ ಗ್ವಿಲಿಮ್.
ಕೋಟಿನ ಗುಂಡಿಗಳ ನಡುವೆ
ಬ್ರಿನ್‌ಡೆರಿಯ ಹಸಿರು ಸ್ಕಾರ್ಫ್ ಇಣುಕುತ್ತಿತ್ತು.
ದುಡ್ಡು ಬೇಡ, ಹೋಗು, ಅಂದೆ.
ಹದಿನಾಲ್ಕು ಪೌಂಡು, ಚಿಲ್ಲರೆ ಎಣಿಸಿಯೇ ಇಟ್ಟ.
ಗೇಟಿನ ತೋಳಿಗೆ ಸೊಂಟ ಆನಿಸಿ
ಒಂದು ಗಳಿಗೆ ನಿಂತ, ಕಿವಿಗೊಟ್ಟವನ ಹಾಗೆ.
"ನಿನ್ನದು ಹಗುರ ತಿರುಗುತ್ತೆ, ಹೆಯ್ಲ್ವೆನ್," ಅಂದ,
"ನಮ್ಮದು ಯಾವತ್ತೂ ಬಿಗಿ."

ಟಕ್.
ಲೆಕ್ಕದಲ್ಲಿ ಒಂದು ಏರಿತು.
ಅದು ನಾನು ತಿರುಗಿಸಿದ್ದಲ್ಲ.