ಏಳನೇ ಸಾಲು

ಗ್ರಹಣದಾಗ ಏನ ಕೊಯ್ದಿಯವ್ವಾ
ಅಂತ ಅತ್ತಿ ಕೇಳಿದ್ಳು, ಕೂಸಿನ ತುಟಿ ನೋಡಿ.
ಬಾಳ ಹೊತ್ತು ನೆನಪು ಮಾಡ್ಕೊಂಡೆ.
ಗ್ರಹಣದ ದಿನ ಕಂಪನಿ ರಜಾ ಕೊಟ್ಟಿದ್ದಿಲ್ಲ.

ಕೊಯ್ದದ್ದಂದ್ರ ಮೊಗ್ಗು, ಅತ್ತಿ.
ತಾವರಗೇರಿ ದಾರಿ ಬಾಜೂಕ, ಬಿಳಿ ಪರದಿ ಒಳಗ
ದಿನಕ್ಕ ಐನೂರು ಟೊಮ್ಯಾಟೊ ಮೊಗ್ಗು.
ನಾಳೆ ಅರಳೂದನ್ನ ಇವತ್ತ ಬಿಚ್ಚಿ
ಚಿಮಟದಿಂದ ಗಂಡು ತೆಗೆದು
ಹೆಣ್ಣಷ್ಟ ಉಳಸೂದು.
ಮರುದಿನ ಉಂಗುರದಾಗಿನ ಹಳದಿ ಹಿಟ್ಟು
ಅದರ ತುದೀಗೆ ಮುಟ್ಟಸೂದು,
ಗುರುತಿಗೆ ಎರಡು ಎಸಳು ಕತ್ತರಸೂದು.

ನಸುಕಿನಾಗ ಎಣ್ಣಿ ಹೊಡೀತಿದ್ರು.
ಎಲಿ ಮ್ಯಾಲಿನ ಹನಿ ಆರಿರ್ತಿದ್ದಿಲ್ಲ,
ಸೆರಗು ಮೂಗಿಗೆ ಕಟ್ಟಿ ಬಗ್ಗಿರ್ತಿದ್ವಿ.
ಹುಳ ಒಳಗ ಬರಬಾರದು, ಪರದಿ ಇರೂದ ಅದಕ್ಕ.
ವಾಸನಿ ಹೊರಗ ಹೋಗಾಕ ದಾರಿ ಯಾರೂ ಇಟ್ಟಿದ್ದಿಲ್ಲ.
ವಾಂತಿ ಬಂದಾಗ ಎಲ್ಲಾರೂ ನಕ್ರು,
ಏನ ಯಮನವ್ವ, ಎಷ್ಟನೇ ತಿಂಗಳ?
ನನಗೂ ಅವತ್ತ ಗೊತ್ತಾದದ್ದು.
ಎಣ್ಣಿಗೆ ಬಂತೋ, ಬಸಿರಿಗೆ ಬಂತೋ
ಅದು ಇವತ್ತಿಗೂ ಗೊತ್ತಿಲ್ಲ.

ಕೊಪ್ಪಳದ ಡಾಕ್ಟರವ್ವ ಕೇಳಿದ್ಳು,
ಮೊದಲ ಎರಡು ತಿಂಗಳು ಯಾವ ಔಷಧ?
ಹೆಸರು ಬರೂದಿಲ್ಲರಿ.
ನೀಲಿ ಮುಚ್ಚಳ, ಕೆಂಪು ಗುರುತು,
ಖಾಲಿ ಡಬ್ಬಿ ತೊಳದು
ಮನ್ಯಾಗ ಹೆಸರುಕಾಳು ತುಂಬಿಟ್ಟೇನಿ.
ಆಕಿ ಪೆನ್ನು ಕೆಳಗಿಟ್ಳು.
ಇದರಿಂದನ ಆತು ಅಂತ ಬರದು ಕೊಡಾಕಾಗಲ್ಲ ಅಂದ್ಳು,
ಇದರಿಂದಲ್ಲ ಅಂತನೂ.

ಈಗ ಒಳಲ್ಯಾಗ ಹಾಲು.
ಬಾಯಿಗೆ ಹಾಕಿದ್ದು ಮೂಗಿನಾಗ ಬರ್ತದ.
ಕೂಸು ನನ್ನಂಗ ಸಿಟ್ಟಿನದು,
ಹುಬ್ಬು ಗಂಟು ಹಾಕಿ ಮತ್ತ ಬಾಯಿ ತೆಗೀತದ.
ಹುಬ್ಬಳ್ಳ್ಯಾಗ ಹೊಲೀತಾರಂತ,
ಐದು ಕಿಲೋ ಆಗ್ಲಿ ಅಂದಾರ.
ಕಿರಾಣಿ ಅಂಗಡಿ ತಕ್ಕಡ್ಯಾಗ ತೂಗಿ ನೋಡೇನಿ:
ಮೂರೂವರಿ.

ಮೊನ್ನಿ ಪರದಿ ಬಾಗಲಕ್ಕ ಹೋದೆ.
ಸೂಪರ್‌ವೈಜರ್ ಮಲ್ಲನಗೌಡ ಎದ್ದು ನಿಂತ.
ರೊಕ್ಕ ಕೇಳಾಕ ಬಂದಿಲ್ರಿ, ಗೌಡ್ರ.
ನಿಮ್ಮ ರಿಜಿಸ್ಟರ್ ತೆಗೀರಿ.
ಯಾವ ಸಾಲಿಗೆ ಯಾವತ್ತ ಕ್ರಾಸಿಂಗ್,
ಯಾರ ಕೈ, ಯಾವ ಎಣ್ಣಿ, ಎಷ್ಟು ಎಮ್ಮೆಲ್
ಎಲ್ಲಾ ಬರೀತೀರಲ್ಲ.
ಪಾಕೀಟಿನಾಗ ಒಂದು ಬೀಜ ಕೆಟ್ಟು ಬಂದ್ರ
ಹಿಂದ ಹಿಂದಕ್ಕ ಹೋಗಿ ಹುಡುಕ್ತೀರಲ್ಲ.
ಪೀರಲ ಹಬ್ಬ ಆದಮ್ಯಾಲಿನ ಆರು ವಾರ ಓದ್ರಿ.
ನಾನು ಏಳನೇ ಸಾಲಿನಾಗ ಇದ್ದೆ.

ಅವ ಕೂಸಿನ ಕಡೆ ನೋಡಲಿಲ್ಲ.
ರಿಜಿಸ್ಟರ್ ಎದಿಗೆ ಅವಚಿ ಹಿಡದ,
ನಾನು ಇದನ್ನ ಹಿಡದಂಗ.
ಒಳಗ ಯಾರೋ ಹೊಸ ಹುಡುಗಿ ಕೆಮ್ಮಿದ್ಳು.

ಹಾಲಿನ ಹೊತ್ತಾಗಿತ್ತು.
ಅಲ್ಲೇ ಹೊಸ್ತಿಲ ಮ್ಯಾಲೆ ಕುಂತು
ಉಡ್ಯಾಗಿನ ಒಳಲಿ ತೆಗದೆ.