ಗುರ್ತ

ವಿದ್ಯಾನಗರದ ಗೆಸ್ಟ್‌ಹೌಸಿನ ಬೋರ್ಡಿನಲ್ಲಿ
ಮಲಯಾಳ ಸರಿಯುಂಟು, ಇಂಗ್ಲಿಷೂ ಸರಿಯುಂಟು,
ಕನ್ನಡದಲ್ಲಿ ಮಾತ್ರ 'ವಿಶ್ರಾತಿ ಗೃಹ'.
ಒಂದು ಸೊನ್ನೆ ಪೈಂಟರನ ಡಬ್ಬಿಯಲ್ಲೇ ಉಳಿದಿದೆ.
ಮಾಷ್ಟ್ರ ಕಣ್ಣು. ಎಲ್ಲಿಗೆ ಕರೆಸಿದರೂ
ಮೊದಲು ಕಾಣುವುದು ತಪ್ಪೇ.

ಕರೆಸಿದ್ದು ಭಾಷಾಂತರಕ್ಕೆ.
ಬಂದವರು ಇಬ್ಬರು, ದೆಹಲಿಯಿಂದ. ಅವರದು ಹಿಂದಿ.
ಜಸೀರನಿಗೆ ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು,
ಬಿಷ್ಕೆಕ್ಕಿನಲ್ಲಿ ನಾಲ್ಕು ವರ್ಷ
ಎಲುಬುಗಳ ಹೆಸರಷ್ಟು ಇಂಗ್ಲಿಷು, ರೊಟ್ಟಿ ಕೊಳ್ಳುವಷ್ಟು ರಷ್ಯನ್.
ಯಾವುದರಲ್ಲಿ ಹೇಳುತ್ತೀ ಎಂದದ್ದಕ್ಕೆ
"ಕನ್ನಡ. ಓದಿ ರುಜು ಹಾಕುವ ಧೈರ್ಯ ಅದರಲ್ಲೊಂದೇ" ಎಂದನಂತೆ.

ಹತ್ತನೇ ಬಿ, ಕಿಟಕಿ ಪಕ್ಕದ ಬೆಂಚು.
ಷಟ್ಪದಿಯ ಮಾತ್ರೆ ಎಣಿಸಲು ಬೆರಳು ಮಡಚುತ್ತಿದ್ದ ಹುಡುಗ
ಈಗಲೂ ಮಡಚುತ್ತಾನೆ:
ಯಾವ ತಿಂಗಳು, ಯಾವ ಹಾಸ್ಟೆಲು,
ಯಾವ ಕೋಣೆಯಲ್ಲಿ ಯಾರ್ಯಾರು.

ಫೋನಿನಲ್ಲಿ ಒಂದು ನಂಬರು. ಹೆಸರು 'ನೀರ್‌ಕುಕ್ಕು'.
"ಇದೇನು, ಗುಪ್ತನಾಮವೋ?"
"ಅಲ್ಲ ಸಾರ್. ಉಮ್ಮ ಹಾರ್ಲಿಕ್ಸ್ ಬಾಟ್ಲಿಯಲ್ಲಿ ಕಳಿಸಿದ್ದನ್ನು
ಒಂದೇ ವಾರದಲ್ಲಿ ತಿಂದು ಮುಗಿಸಿದವ.
ಅಜಮತ್. ಎದುರು ಕೋಣೆ."
ಉಪ್ಪುನೀರಿನ ಮಾವಿನಕಾಯಿಯನ್ನು ನಾನು ಹಿಂದಿಗೆ ಇಳಿಸಲು ಹೊರಟೆ.
ಅಚಾರ್ ಎಂದೆ. ಎಣ್ಣೆಯಿಲ್ಲದ್ದು ಎಂದೆ. ಮೆಣಸೂ ಇಲ್ಲ ಎಂದೆ.
"ಮತ್ತೆ ಅದು ಅಚಾರ್ ಹೇಗಾಯಿತು?"
ಸಣ್ಣ ವಯಸ್ಸಿನವರು ಪೆನ್ನು ನಿಲ್ಲಿಸಿದರು.

"ಮೂರನೇ ವರ್ಷದ ಚಳಿಯಲ್ಲಿ ಅವನು ಎಲ್ಲಿ ಹೋದ?"
"ಗೊತ್ತಿಲ್ಲ."
"ಟರ್ಕಿ? ಅಲ್ಲಿಂದ ಗಡಿ ದಾಟಿ?"
"ಹಾಗೆ ಹೇಳುತ್ತಿದ್ದರು. ಹಾಸಿಗೆ ಮಡಚಿಟ್ಟಿತ್ತು.
ಪುಸ್ತಕಗಳು ನನಗೆಂದು ಬಿಟ್ಟಿದ್ದ."
"ನಿನಗೂ ಅವನಿಗೂ ಏನು?"
"ಗುರ್ತ ಉಂಟು, ಅಷ್ಟೆ."

ಗುರ್ತ.
ಸಂತೆಯಲ್ಲಿ ಮುಖ ಕಂಡರೆ ತಲೆಯಾಡಿಸುವಷ್ಟು.
ಸಾಲ ಕೊಡುವಷ್ಟಲ್ಲ, ಹೆಣ್ಣು ಕೇಳುವಷ್ಟೂ ಅಲ್ಲ,
ಸತ್ತರೆ ಮಾತ್ರ ಒಂದು ದಿನ
ಅಂಗಡಿ ತಡವಾಗಿ ತೆರೆಯುವಷ್ಟು.
ಇದಕ್ಕೆ ನನ್ನಲ್ಲಿ ಹಿಂದಿ ಇರಲಿಲ್ಲ.
ನಾನು ಕೊಟ್ಟದ್ದು 'ಪೆಹಚಾನ್'.
ಕಾಗದಕ್ಕೆ ಇಳಿದದ್ದು 'ಸಂಪರ್ಕ'.

"ಆಮೇಲೆ ಫೋನ್?"
"ಒಂದು ಸಲ. ರಾತ್ರಿ."
"ಏನು ಹೇಳಿದ?"
"ಎಂತ ಇಲ್ಲ. ಅತ್ತ."

ಬಾಗಿಲ ಬಳಿಯ ಪೊಲೀಸ್ ಪಯ್ಯನ್ನೂರಿನವ,
ಕುಂಬಳೆ ಸ್ಟೇಷನ್ನಿನಲ್ಲಿ ಮೂರು ವರ್ಷ ಕಲಿತ ಕನ್ನಡದೊಂದಿಗೆ
ಸಹಾಯಕ್ಕೆ ಬಂದ:
"ಅತ್ತ ಅಂದರೆ ಆ ಕಡೆ ಸಾರ್. ಆ ಕಡೆಗೆ ಹೋದ ಅಂತ."
"ಅಲ್ಲ" ಎಂದೆ, ತರಗತಿಯ ದನಿಯಲ್ಲಿ.
"ಅಳು. ಕಣ್ಣೀರು. ರೋಯಾ."
ಹಿರಿಯರು ಅವನನ್ನು ನೋಡಿದರು, ನನ್ನನ್ನು ನೋಡಿದರು,
ಎರಡನ್ನೂ ಬರೆದುಕೊಂಡರು,
ನಡುವೆ ಒಂದು ಓರೆ ಗೀಟು ಎಳೆದು.

ಯಾವ ಅತ್ತ ಎಂದು ನಾನು ಹುಡುಗನನ್ನೇ ಕೇಳಬಹುದಿತ್ತು.
ಕೇಳಲಿಲ್ಲ.

ಐದೂವರೆಗೆ ಬಿಟ್ಟರು. ಮತ್ತೆ ಕರೆದರೆ ಬರಬೇಕು.
ರುಜು ಇಬ್ಬರದ್ದೂ,
ಅವನದು ಹೇಳಿದ್ದಕ್ಕೆ, ನನ್ನದು ದಾಟಿಸಿದ್ದಕ್ಕೆ.
ಉಪ್ಪಳದ ಬಸ್ಸು ಒಂದೇ. ಅವನು ಮುಂದೆ, ನಾನು ಹಿಂದೆ.
ಮೊಗ್ರಾಲ್ ದಾಟುವಾಗ ಪಕ್ಕದವರು ಪತ್ರಿಕೆ ಮಡಚಿ
ಗಲ್ಲದಿಂದಲೇ ಮುಂದಿನ ಸೀಟು ತೋರಿಸಿದರು:
"ಅವನೇ ಅಲ್ಲವಾ?
ಮಾಷ್ಟ್ರಿಗೆ ಗುರ್ತ ಉಂಟಾ?"

ಶಿರಿಯ ಹೊಳೆ ಬಂತು. ಮರಳಿನ ಮೇಲೆ
ಮಗುಚಿಟ್ಟ ಒಂದು ದೋಣಿ.
ನಾನು ಅತ್ತ ನೋಡಿದೆ.
ಕಂಡಕ್ಟರ್ ಐದು ರೂಪಾಯಿ ಬಾಕಿ ಕೊಡಬೇಕಿತ್ತು,
ಅದನ್ನು ಕೇಳಿದೆ,
ಮಲಯಾಳದಲ್ಲಿ.